ಕಲ್ಲುಗಳ ಕಲಾವಿದ

ಕ್ಯಾನ್ವಾಸಿನ ಮೇಲೆ ಎರಡು ಬಂಡೆಗಳ ನಡುವಿನ ನೆರಳಿಗೆ ಕಪ್ಪು ತುಂಬುತ್ತಿದ್ದ ಹುಲಿಗೇಶ್ ಮತ್ತೊಮ್ಮೆ ತಲೆಯೆತ್ತಿ ನೋಡಿದಾಗ, ಆ ನೆರಳು ಎದ್ದು ನಿಂತಿತ್ತು.

ಕರಡಿ. ಬೆನ್ನ ಮೇಲೆ ಮರಿ. ನಡುವೆ ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ. ಅರ್ಧ ಗಂಟೆಯಿಂದ ಕಣ್ಣು ಕಿರಿದು ಮಾಡಿ ನೋಡಿ ನೋಡಿ ತಾನು ಬಣ್ಣ ಕಲಸಿದ್ದು ಇದರ ಮೈಗೇ ಎಂದು ಅವನಿಗೆ ಆಗ ಹೊಳೆಯಿತು.

ಬುಕ್ಕಸಾಗರದ ಈ ಗುಡ್ಡಕ್ಕೆ ಅವನು ಬರತೊಡಗಿ ಇಪ್ಪತ್ತೆರಡು ವರ್ಷ. ಹೊಸಪೇಟೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನನ್ನು ಮುಂಬೈ, ದೆಹಲಿಯ ಗ್ಯಾಲರಿಗಳವರೆಗೆ ಕರೆದೊಯ್ದದ್ದು ಇಲ್ಲಿನ ಬಂಡೆಗಳೇ. ಹೋದ ವರ್ಷ ದೊಡ್ಡ ಪ್ರಶಸ್ತಿ ಬಂದಾಗ, 'ಈ ಸೀಮೆಯ ಒಂದೊಂದು ಕಲ್ಲನ್ನೂ ಬಲ್ಲ ಕಲಾವಿದ' ಎಂದು ಪತ್ರಿಕೆಯವರು ಬರೆದಿದ್ದರು. ಬರುವ ವಾರ ದೆಹಲಿಯಲ್ಲಿ ಪ್ರದರ್ಶನ. ಮುಗಿಯದೆ ಉಳಿದದ್ದು ಇದೊಂದೇ ಚಿತ್ರ.

ಅವನು ಸ್ಟೂಲಿನಿಂದ ಏಳಲು ಹೋದ.

"ಏಳಬ್ಯಾಡ್ರಿ ಸರ. ಓಡಿದ್ರ ಬೆನ್ನ ಹತ್ತತೈತಿ."

ಮೇಲಿನ ಬಂಡೆಯಿಂದ ಬಂದ ಮೆಲುದನಿ ಯಲ್ಲಕ್ಕನದು. ಆಡು ಕಾಯುವ ಹೆಂಗಸು, ಬಂದಾಗಲೆಲ್ಲ ಎದುರಾಗಿ, "ಆರಾಮ ಅದೀರೇನ್ರಿ ಸರ?" ಎಂದು ಕೇಳಿ ಹೋಗುವವಳು. ಹುಲಿಗೇಶ್ ಕಲ್ಲಾಗಿ ಕುಳಿತ. ಕರಡಿ ಮೂಗೆತ್ತಿ ಬಣ್ಣದ ಎಣ್ಣೆಯ ವಾಸನೆ ಹಿಡಿಯಿತು. ಆತುರವಿಲ್ಲದೆ, ಪಾದ ಎಳೆಯುತ್ತ ನೇರ ಚಿತ್ರದ ಕಡೆಗೇ ಬಂದು ಒಂದೇ ಏಟಿಗೆ ಸ್ಟ್ಯಾಂಡ್ ಕೆಡವಿತು. ಕ್ಯಾನ್ವಾಸ್ ಪರ್ರನೆ ಹರಿಯಿತು.

"ನನ್ನ ಚಿತ್ರ..." ತುಟಿ ತಾನಾಗಿಯೇ ಅಂದುಬಿಟ್ಟಿತು.

ಕರಡಿ ಥಟ್ಟನೆ ಅವನತ್ತ ತಿರುಗಿ ಹಿಂಗಾಲ ಮೇಲೆ ನಿಂತಿತು. ಅದರ ಉಸಿರಿನ ಗಬ್ಬು ಮುಖಕ್ಕೆ ಬಡಿಯಿತು. ಪ್ಯಾಂಟು ಒದ್ದೆಯಾದದ್ದು ಅವನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಯಲ್ಲಕ್ಕ ಬುತ್ತಿಯ ಡಬ್ಬಿಯನ್ನು ಕೋಲಿನಿಂದ ಬಡಿಯುತ್ತ, ಕಿರುಚುತ್ತ ಬಂಡೆಯಿಂದ ಧುಮುಕಿದಳು. ಕರಡಿ ಅವನನ್ನು ಬಿಟ್ಟು ಅವಳತ್ತ ಹೊರಳಿತು. ಅವಳು ಹಿಂದೆ ಸರಿಯಲಿಲ್ಲ. ಡಬ್ಬಿ ಬಡಿಯುತ್ತಲೇ ಇದ್ದಳು. ದನಿ ಮಾತ್ರ ನಡುಗುತ್ತಿತ್ತು.

"ಹೋಗವ್ವ! ಮರಿ ಕರ್ಕಂಡು ಹೋಗವ್ವ ತಾಯಿ! ಹೋಗು!"

ಎಷ್ಟು ಹೊತ್ತೋ. ಕರಡಿ ಗುರುಗುಟ್ಟಿತು, ಮುಂಗಾಲು ಇಳಿಸಿತು, ಮರಿಯನ್ನು ಹೊತ್ತು ಬಾಳೆತೋಟದ ಕಡೆಯ ಸಂದಿಯಲ್ಲಿ ಇಳಿದುಹೋಯಿತು.

ಯಲ್ಲಕ್ಕ ನೀರಿನ ಬಾಟಲಿ ತಂದು ಅವನ ಕೈಗಿಟ್ಟಳು. ಧುಮುಕಿದ ರಭಸಕ್ಕೆ ಅವಳ ತಲೆಯ ಸೆರಗು ಜಾರಿತ್ತು. ಹುಲಿಗೇಶ್ ಮೊದಲ ಸಲ ಅವಳ ಮುಖವನ್ನು ಪೂರ್ತಿ ನೋಡಿದ. ಎಡಗಣ್ಣಿನಿಂದ ದವಡೆಯವರೆಗೆ ಚರ್ಮ ಸುಕ್ಕಾಗಿ ಬಿಗಿದುಕೊಂಡಿತ್ತು. ಆ ಕಡೆ ಕಿವಿಯೇ ಇರಲಿಲ್ಲ.

"ಇದು... ಕರಡೀನಾ?"

"ಹೌದ್ರಿ. ಆರು ವರ್ಷಾತು. ಅಗೋ, ಆ ಹುಣಸಿ ಗಿಡದ ಬುಡದಾಗ."

ಹುಣಸೆಮರ ಕೂಗಳತೆಯಲ್ಲೇ ಇತ್ತು.

"ಹತ್ರ ಯಾರೂ ಇರ್ಲಿಲ್ಲೇನು?"

ಯಲ್ಲಕ್ಕ ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡಳು. ನಗ್ಗಿದ ಡಬ್ಬಿಗೆ ಮುಚ್ಚಳ ಕೂಡುತ್ತಿರಲಿಲ್ಲ. ಒತ್ತಿ ಒತ್ತಿ ನೋಡಿದಳು.

"ನೀವಿದ್ರಿ ಸರ. ಇಲ್ಲೇ ಕುಂತು ಚಿತ್ರ ಬರೀತಿದ್ರಿ. ನಾ ಭಾಳ ಕೂಗಿದ್ನಿ."

ಅವನ ಮುಖ ನೋಡಿ ಅವಳಿಗೇ ಏನನ್ನಿಸಿತೋ, ಸಮಾಧಾನ ಮಾಡುವವಳಂತೆ ಅಂದಳು:

"ಗಾಳಿ ಇತ್ತು ಬಿಡ್ರಿ ಅವತ್ತು."