ಕಿತ್ತಳೆ ಬುಟ್ಟಿಯ ಚೀಟಿ

ಈಗಲೂ ಕಿತ್ತಳೆಯ ಸಿಪ್ಪೆಗೆ ಉಗುರು ತಾಗಿಸಿದರೆ ಸಾಕು, ಸಿದ್ದಾಪುರದ ಆ ಮಧ್ಯಾಹ್ನ ನನ್ನ ಅಡುಗೆಮನೆಗೆ ಬಂದು ನಿಲ್ಲುತ್ತದೆ.

ಅಪ್ಪ ಊರಿನ ಸಾಹುಕಾರರ ಮಂಡಿಯಲ್ಲಿ ಕಿತ್ತಳೆ ಬುಟ್ಟಿ ಕಟ್ಟುತ್ತಿದ್ದರು. ತಳದಿಂದ ಮೇಲಿನವರೆಗೂ ಒಂದೇ ಥರದ ಹಣ್ಣು, ನಡುವೆ ಒಣಹುಲ್ಲು, ಮೇಲೆ ಅಪ್ಪನ ಹೆಸರಿನ ಚೀಟಿ. ಆ ಹೆಸರು ಕಂಡರೆ ಮೈಸೂರಿನ ವ್ಯಾಪಾರಿಗಳು ಬುಟ್ಟಿ ಬಿಚ್ಚಿ ನೋಡುತ್ತಿರಲಿಲ್ಲ.

ಅಂದು ನಾನು ಶಾಲೆಯಿಂದ ಬಂದು ನೋಡಿದರೆ, ಸಾಹುಕಾರರು ಆಳುಗಳಿಂದ ಬುಟ್ಟಿಗಳ ತಳಕ್ಕೆ ಕೊಳೆತ ಹಣ್ಣು ತುಂಬಿಸಿದ್ದರು.

"ಇದಕ್ಕೆ ನನ್ನ ಹೆಸರು ಬರೆಯಲಾರೆ ಸಾಹುಕಾರ್ರೇ. ಭಾನುವಾರ ಮೊಣಕಾಲೂರಿದ್ರೆ ಈ ಹಣ್ಣೇ ಕಣ್ಮುಂದೆ ಬರ್ತದೆ," ಎಂದರು ಅಪ್ಪ.

"ನಿಮ್ಮ ಯೇಸು ಬುಟ್ಟಿ ತಳಕ್ಕೆ ಕೈ ಹಾಕಿ ನೋಡ್ತಾನೇನಯ್ಯಾ? ಬರೆಯಲ್ಲಾಂದ್ರೆ ನಾಳೆನೇ ನನ್ನ ಮನೆ ಖಾಲಿ ಮಾಡು."

ನಾವಿದ್ದದ್ದು ಮಂಡಿಯ ಹಿಂದಿನ ಅವರ ಕೋಣೆಯಲ್ಲಿ. ಅಮ್ಮ ತುಂಬು ಬಸುರಿ. ಅಪ್ಪ ಖಾಲಿ ಚೀಟಿಗಳನ್ನು ಬುಟ್ಟಿಯ ಮೇಲಿಟ್ಟು ಹಿಂದೆ ಸರಿದರು.

ಸಾಹುಕಾರರ ಕಣ್ಣು ನನ್ನ ಮೇಲೆ ಬಿತ್ತು. "ಬಾ ಮಗಳೇ, ಕಾನ್ವೆಂಟಿನ ಅಕ್ಷರ ಹೇಗಿರ್ತದೆ ತೋರಿಸು. ಅಪ್ಪನ ಹೆಸರು ಬರಿ ನೋಡುವ."

ನನಗಾಗ ಏಳು ವರ್ಷ. ಹಿಗ್ಗಿನಿಂದ ಬರೆದೆ, ಸಿಸ್ಟರ್ ಕಲಿಸಿದಂತೆ ಗುಂಡಗೆ, ಒಂದೊಂದು ಚೀಟಿಯ ಮೇಲೂ. ಹಣ್ಣಿನ ರಸ ತಾಗಿ ಒಂದು ಚೀಟಿ ಕೆಟ್ಟಾಗ ಬೇರೆಯದನ್ನು ಕೇಳಿ ಬರೆದೆ. ಅಪ್ಪ ತಡೆಯಲಿಲ್ಲ, ಹೆಗಲ ಟವೆಲನ್ನು ಹಿಂಡುತ್ತ ನಿಂತಿದ್ದರು.

ಲಾರಿ ಹೋದ ಮೇಲೆ, "ಚೆನ್ನಾಗಿ ಬರೆದೆನಾ ಅಪ್ಪಾ?" ಎಂದು ಕೇಳಿದೆ.

"ಚೆನ್ನಾಗಿ ಬರ್ದಿದ್ದೀ ಮಗಾ," ಎಂದರು ಅಪ್ಪ, ನನ್ನ ಮುಖ ನೋಡದೆ.