ಗೇಟಿನ ನಂಬರು

ಶಿರಸಿಯಲ್ಲಿ ಈಗಲೂ ಜೋನಿಬೆಲ್ಲದ ಡಬ್ಬಿ ತೆರೆದರೆ ಚಂಡೀಗಢದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ನೌಕರಿಗೆಂದು ಹೋಗಿ ನಿಂತ ಆ ಸೆಕ್ಟರಿನಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಗೇಟಿನ ನಂಬರು ನೋಡಿಯೇ ಗುರುತು ಹಿಡಿಯಬೇಕು. ಶಿರಸಿ ಬಳಿಯ ಹಳ್ಳಿ ಹೆಗಡೆಕಟ್ಟಾದಲ್ಲಿ ಬೆಳೆದ ಅಮ್ಮ, ಬಂದವರಿಗೆ ಬಾಯಾರಿಕೆಗೆ ಆಸರಿಗೆ ಕೊಡಲೆಂದು ದಿನವೂ ತಂಬಿಗೆ ನೀರು, ಬಟ್ಟಲಲ್ಲಿ ಜೇನಿನಂತೆ ಸುರಿಯುವ ಜೋನಿಬೆಲ್ಲ ತೆಗೆದಿಡುತ್ತಿದ್ದಳು. ಯಾರೂ ಬರುತ್ತಿರಲಿಲ್ಲ.

ಅಂದು ರುಮಾಲು ಸುತ್ತಿದ ಅಜ್ಜನೊಬ್ಬ ಪಕ್ಕದ ಮನೆಯೆಂದುಕೊಂಡು ನಮ್ಮ ಬಾಗಿಲು ತಟ್ಟಿದ. ಭಾಷೆ ಬಾರದ ಅಮ್ಮ ಕೈಸನ್ನೆಯಲ್ಲೇ ಕೂರಿಸಿ ಬೆಲ್ಲ, ನೀರು ಕೊಟ್ಟಳು. ಅವನು ಬೆರಳು ನೆಕ್ಕಿ ನಕ್ಕ.

ಅವನು ಹೋದಮೇಲೆ ನಾನು ನಗಾಡಿದೆ. ಅಮ್ಮ ನಗಲಿಲ್ಲ. “ತಪ್ಪಿ ಬಂದ್ರೂ ನೆಂಟ್ರೇ ಅಲ್ದನೇ ತಂಗಿ” ಅಂದಳು.

ಮರುದಿನ ಶಾಲೆಯಿಂದ ಬರುವಾಗ ನಮ್ಮ ಮನೆಯನ್ನೇ ದಾಟಿ ಮುಂದೆ ಹೋಗಿಬಿಟ್ಟೆ. ಗೇಟಿನಲ್ಲಿ ನಂಬರಿನ ತಗಡು ಇರಲಿಲ್ಲ. ಅದು ಅಡುಗೆಮನೆಯಲ್ಲಿ, ಬೆಲ್ಲದ ಡಬ್ಬಿಯ ಹಿಂದಿತ್ತು.