ಸಾರುವೆ ಮೇಸ್ತ್ರಿಯ ಹಾಜರಿ

"ಸಾರುವೆ ಮೇಸ್ತ್ರಿ?" ಹಾಜರಿ ಪುಸ್ತಕದಿಂದ ತಲೆಯೆತ್ತದೆ ಸೂಪರ್‌ವೈಸರ್ ಕೂಗಿದ.

"ಬಂದಿದೀನಿ ಸಾರ್," ಎಂದು ಸಾಲಿನ ಕೊನೆಯಿಂದ ಪೇಂಟರ್ ಓಗೊಟ್ಟ. ಸೇಫ್ಟಿ ಬೆಲ್ಟ್ ಕಡಿಮೆ ಬಿದ್ದ ದಿನ ತನ್ನದನ್ನು ಇದೇ ಪೇಂಟರ್‌ಗೆ ಕೊಟ್ಟು ಹತ್ತಿದ್ದ ಮೇಸ್ತ್ರಿ, ಹಳೇ ಗಡಿಯಾರ ಗೋಪುರದ ಮೇಲಿಂದ ಬಿದ್ದು ಸತ್ತು ಇಪ್ಪತ್ತೊಂದು ದಿನವಾಗಿತ್ತು. ಎತ್ತರದಲ್ಲಿ ನಿಂತು ಕೆಲಸ ಮಾಡಲು ಕೊಳವೆಗಳ ಸಾರುವೆ ಕಟ್ಟುವುದರಲ್ಲಿ ಪಳಗಿದವನೊಬ್ಬ ಸ್ಥಳದಲ್ಲಿರದೆ ಯಾರೂ ಮೇಲೆ ಹತ್ತಕೂಡದೆಂಬ ನಿಯಮವಿತ್ತು. ಅಂಥವನು ಇನ್ನೊಬ್ಬ ಸಿಕ್ಕಿರಲಿಲ್ಲ, ಗೋಪುರದ ದುರಸ್ತಿಯೂ ನಿಲ್ಲುವಂತಿರಲಿಲ್ಲ. ಹಾಗಾಗಿ ಮೇಸ್ತ್ರಿಯ ಹೆಸರು ಪುಸ್ತಕದಲ್ಲೇ ಉಳಿದಿತ್ತು, ಅದಕ್ಕೆ ಓಗೊಡುವುದು ಪೇಂಟರ್ ಪಾಲಿಗೆ ಬಂದಿತ್ತು.

ಮೊದಲ ದಿನ ಪೇಂಟರ್ ತನ್ನ ದನಿಯಲ್ಲೇ ಉತ್ತರಿಸಿದ್ದ. ಆಮೇಲಾಮೇಲೆ ಅವನಿಗೇ ಗೊತ್ತಿಲ್ಲದಂತೆ ಮೇಸ್ತ್ರಿಯ ಗಡಸು ದನಿ ಬಂತು, ಮಾತಿನ ಹಿಂದೆಯೇ ಬರುತ್ತಿದ್ದ ಆ ಒಣ ಕೆಮ್ಮೂ ಬಂತು. ಈಗ ಆ ಕೆಮ್ಮು ಕಿವಿಗೆ ಬೀಳದೆ ಏಣಿಯ ಮೇಲೆ ಕಾಲಿಡಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ಇವತ್ತೂ ಅವನು ಕೆಮ್ಮಿದ.

ಗೇಟಿನ ಹತ್ತಿರ ಏನೋ ಠಣ್ಣೆಂದು ಬಿತ್ತು. ಮೇಸ್ತ್ರಿಯ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದ ಅವನ ಹೆಂಡತಿ, ಕೈಯಿಂದ ಜಾರಿದ ಸ್ಪ್ಯಾನರ್ ಕಡೆ ನೋಡದೆ, ಸಾರುವೆಯ ಒಂದೊಂದೇ ಅಂತಸ್ತನ್ನು ಕಣ್ಣಲ್ಲೇ ಹುಡುಕುತ್ತಿದ್ದಳು. ಅವಳು ನೋಡಿದತ್ತಲೇ ಎಲ್ಲರೂ ನೋಡಿದರು. ಪೇಂಟರ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ, ಕೆಮ್ಮು ನಿಲ್ಲಲಿಲ್ಲ.

"ಅಕ್ಕಾ, ಅದು ಏನಂದ್ರೆ..." ಎನ್ನುತ್ತ ಸೂಪರ್‌ವೈಸರ್ ಪುಸ್ತಕ ಮುಚ್ಚಿದ.

"ಇದಾರಲ್ಲಣ್ಣ, ನಾನೇ ಕೇಳಿಸ್ಕೊಂಡೆ," ಎಂದಳು. "ಇಳಿದು ಬರೋಕೆ ಹೇಳಿ. ಮನೆಗೆ ಕರ್ಕೊಂಡು ಹೋಗ್ತೀನಿ."